ಕೊಬ್ಬನ್ನು ಹೊರುವ ಪ್ರೋಟೀನು

(ಬಾನುಲಿ ಭಾಷಣ)



ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಾಗಲಿ ಮಲ್ಲೇಶ್ವರದ ಸ್ಯಾಂಕಿ ಕೆರೆಯ ಏರಿಯ ಮೇಲಾಗಲಿ ಬೆಳಗಿನ ಹೊತ್ತು ನಡೆದಾಡುವ ಹಿರಿಯರ ಮಾತನ್ನು ಸ್ವಲ್ಪ ಕಾಲ ಕೇಳಿದವರಿಗೆ, ಅವರ ಆರೋಗ್ಯವಿಚಾರದಲ್ಲೆಲ್ಲ ಕೊಲೆಸ್ಟರಾಲ್ ಎಂಬ ಪದಾರ್ಥಕ್ಕೆ ಎಂಥ ಅಗ್ರಸ್ಥಾನ ದೊರೆತಿದೆಯೆಂಬುದು ತಿಳಿಯದೆ ಇರದು. ಒಬ್ಬರಿಗೆ ಒಳ್ಳೆಯ ಕೊಲೆಸ್ಟರಾಲ್ ಕಡಮೆ. ಇನ್ನೊಬ್ಬರಿಗೆ ಕೆಟ್ಟದ್ದು ಹೆಚ್ಚು. ಮತ್ತೊಬ್ಬರು ತುಪ್ಪ ಬಿಟ್ಟು ಎಷ್ಟೋ ತಿಂಗಳಾಯಿತು, ಆದರೂ ಅಂಕಿ ಇಳಿದಿಲ್ಲ. ಈ ಮಾತುಗಳಿಗೆಲ್ಲ ಆಧಾರವುಂಟು. ಆದರೆ ಕೊಲೆಸ್ಟರಾಲ್ ರಸಾಯನಶಾಸ್ತ್ರದ ದೃಷ್ಟಿಯಿಂದ ಒಂದೇ ಪದಾರ್ಥ. ಅದರಲ್ಲಿ ಸಾಧು ದುಷ್ಟವೆಂಬ ಎರಡು ಜಾತಿಗಳಿಲ್ಲ. ವೈದ್ಯರ ವರದಿಯಲ್ಲಿ ಎಲ್‌ಡಿಎಲ್ ಎಂದೂ ಎಚ್‌ಡಿಎಲ್ ಎಂದೂ ಅಚ್ಚಾಗಿರುವುದು ಆ ಹೊರೆಯನ್ನು ಹೊತ್ತು ರಕ್ತದಲ್ಲಿ ಸಂಚರಿಸುವ ಕಣಗಳ ಹೆಸರು. ಹೊರೆಯ ವಿಷಯದಲ್ಲಿ ಇಷ್ಟೊಂದು ಕಳವಳಪಡುವ ನಾವು ಹೊರುವವರ ವಿಷಯವನ್ನು ವಿಚಾರಿಸುವುದು ಅಪೂರ್ವ. ಆ ಹೊರುವವರಲ್ಲಿ ಒಂದಾದ ಅಪೋಲೈಪೋಪ್ರೋಟೀನ್ ಇ ಎಂಬ ಪ್ರೋಟೀನನ್ನು ಈ ಸಂಜೆ ತಮಗೆ ಪರಿಚಯಮಾಡಿಕೊಡುವುದು ನನ್ನ ಉದ್ದೇಶ. ಅದರಲ್ಲಿಯೂ, ಮನುಷ್ಯನ ಜೀನನ್ನು ಬ್ಯಾಕ್ಟೀರಿಯದೊಳಕ್ಕೆ ಸೇರಿಸಿ ತಯಾರಿಸಿದ, ಚಿಟಿಕೆಗಿಂತಲೂ ಕಡಮೆಯಾದ ಬಿಳಿಯ ಪುಡಿಯ ರೂಪದಲ್ಲಿ ಪುಟ್ಟ ಸೀಸೆಯೊಂದರೊಳಗೆ ಸಂಶೋಧಕರ ಕೈಸೇರುವ ಅದರ ಪುನಸ್ಸಂಯೋಜಿತ ರೂಪವನ್ನು ಕುರಿತು ಹೇಳಬೇಕೆಂದಿದ್ದೇನೆ.

ರಕ್ತದ ಬಹುಭಾಗ ನೀರು, ನೀರಿನಲ್ಲಿ ಕೊಬ್ಬು ಕರಗದು. ಆದರೆ ಕೊಬ್ಬಿಲ್ಲದೆ ದೇಹಕ್ಕೆ ಗತಿಯಿಲ್ಲ. ಪ್ರತಿಯೊಂದು ಜೀವಕೋಶದ ಪೊರೆಯೂ ಬಹುಮಟ್ಟಿಗೆ ಅದರಿಂದ ಆದದ್ದು, ಹಲವು ಹಾರ್ಮೋನುಗಳಿಗೆ ಕೊಲೆಸ್ಟರಾಲೇ ಮೂಲದ್ರವ್ಯ. ಆದುದರಿಂದ ಕರುಳಿನಲ್ಲಿ ಜೀರ್ಣವಾದ ಕೊಬ್ಬನ್ನೂ ಯಕೃತ್ತು ತಯಾರಿಸಿದ ಕೊಬ್ಬನ್ನೂ ನೀರಿನ ಪ್ರವಾಹದಲ್ಲಿ ಸಾಗಿಸಿ, ಬೇಕಾದ ಕಡೆ ಇಳಿಸಿ, ಉಳಿದದ್ದನ್ನು ಹಿಂದಕ್ಕೆ ತರುವುದಕ್ಕೆ ದೇಹ ಒಂದು ವ್ಯವಸ್ಥೆಯನ್ನು ಮಾಡಿಕೊಂಡಿದೆ. ಚಿಕ್ಕಪೇಟೆಯ ಓಣಿಗಳಲ್ಲಿ, ಗಾಡಿ ನುಗ್ಗಲಾರದ ಕಡೆಗೆ, ಜವಳಿಯ ಮೂಟೆಗಳನ್ನು ಬೆನ್ನಮೇಲೆ ಹೊತ್ತು ಸಾಗುವ ಹಮಾಲಿಗಳನ್ನು ತಾವು ನೋಡಿರುತ್ತೀರಿ. ಹಮಾಲಿಗೆ ಹೊರುವ ಬಲವೊಂದಿದ್ದರೆ ಸಾಲದು. ಆ ಮೂಟೆ ಯಾವ ಅಂಗಡಿಯ ಬಾಗಿಲಲ್ಲಿ ಇಳಿಯತಕ್ಕದ್ದೆಂಬುದೂ ತಿಳಿದಿರಬೇಕು. ಅಪೋಲೈಪೋಪ್ರೋಟೀನ್ ಇ, ಸಂಕ್ಷೇಪವಾಗಿ ಅಪೋ-ಇ, ಈ ಎರಡು ಸಾಮರ್ಥ್ಯಗಳನ್ನೂ ತನ್ನ ಶರೀರದ ಎರಡು ಭಾಗಗಳಲ್ಲಿ ಇಟ್ಟುಕೊಂಡಿದೆ. 299 ಅಮೈನೋ ಆಮ್ಲಗಳ ಆ ಸರಪಳಿಯ ಹಿಂಭಾಗ ಕೊಬ್ಬಿಗೆ ಅಂಟಿಕೊಳ್ಳುತ್ತದೆ. ಮುಂಭಾಗದಲ್ಲಿ, 136ರಿಂದ 150ರವರೆಗಿನ ಸ್ಥಾನಗಳ ನೆರೆಯಲ್ಲಿ, ಜೀವಕೋಶದ ಮೇಲಿರುವ ಗ್ರಾಹಕವನ್ನು ಗುರುತಿಸಿ ಹಿಡಿಯುವ ಅಂಶವಿದೆ. ಊಟವಾದ ಮೇಲೆ ಸ್ನಾಯುಗಳಿಗೂ ಮೇದೋಕೋಶಗಳಿಗೂ ತಮ್ಮ ಸರಕನ್ನು ಕೊಟ್ಟು ಕುಗ್ಗಿದ ಕಣಗಳ ಅವಶೇಷಗಳನ್ನು ಯಕೃತ್ತು ರಕ್ತದಿಂದ ಒಳಕ್ಕೆ ಸೆಳೆದುಕೊಳ್ಳುವುದು ಮುಖ್ಯವಾಗಿ ಈ ಗುರುತಿನ ಬಲದಿಂದಲೇ. ಇಂಥ ಗ್ರಾಹಕಗಳಲ್ಲೊಂದನ್ನು ಕಂಡುಹಿಡಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಎಲ್ಲ ಮನುಷ್ಯರ ಅಪೋ-ಇ ಒಂದೇ ಬಗೆಯದಲ್ಲ. 19ನೆಯ ವರ್ಣತಂತುವಿನ ಮೇಲಿರುವ ಇದರ ಜೀನಿಗೆ ಮೂರು ಸಾಮಾನ್ಯ ರೂಪಗಳಿವೆ; ಅವುಗಳಿಂದಾಗುವ ಪ್ರೋಟೀನುಗಳನ್ನು ಇ-2, ಇ-3, ಇ-4 ಎಂದು ಕರೆಯುತ್ತಾರೆ. ವ್ಯತ್ಯಾಸವಿರುವುದು ಎರಡೇ ಸ್ಥಾನಗಳಲ್ಲಿ, 112ರಲ್ಲಿ ಮತ್ತು 158ರಲ್ಲಿ. ಎರಡು ಕಡೆಯೂ ಸಿಸ್ಟೀನ್ ಇದ್ದರೆ ಇ-2. ಎರಡು ಕಡೆಯೂ ಆರ್ಜಿನೀನ್ ಇದ್ದರೆ ಇ-4. ಮೊದಲನೆಯದರಲ್ಲಿ ಸಿಸ್ಟೀನೂ ಎರಡನೆಯದರಲ್ಲಿ ಆರ್ಜಿನೀನೂ ಇದ್ದರೆ, ಲೋಕದಲ್ಲಿ ಬಹುಸಂಖ್ಯಾತರಲ್ಲಿ ಇರುವ ಇ-3. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿಯೊಬ್ಬರಿಗೂ ಎರಡು ಪ್ರತಿಗಳು. ಕ್ಯಾಲಿಫೋರ್ನಿಯದಲ್ಲಿ ರಾಬರ್ಟ್ ಮೇಲಿ, ಕಾರ್ಲ್ ವೈಸ್‌ಗ್ರೇಬರ್ ಮೊದಲಾದವರು 1982ರ ಸುಮಾರಿಗೆ ಈ ಸರಪಳಿಯ ಕ್ರಮವನ್ನು ಪೂರ್ಣವಾಗಿ ಓದಿದಾಗ, ಇಷ್ಟು ಅಲ್ಪವಾದ ಭೇದದಿಂದ ಇಷ್ಟು ದೊಡ್ಡ ಪರಿಣಾಮವೇ ಎಂದು ವಿದ್ವಾಂಸರಿಗೆ ಆಶ್ಚರ್ಯವಾಯಿತು. ಇ-2 ಯಕೃತ್ತಿನ ಗ್ರಾಹಕವನ್ನು ಹಿಡಿಯುವ ಬಲ ಇ-3ರ ಬಲದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಎರಡು ಪ್ರತಿಯೂ ಇ-2 ಆಗಿರುವ ಕೆಲವರಲ್ಲಿ, ಜೊತೆಗೆ ಸ್ಥೂಲಕಾಯ, ಮಧುಮೇಹ, ಥೈರಾಯಿಡ್ ದೌರ್ಬಲ್ಯ ಮೊದಲಾದ ಮತ್ತೊಂದು ಕಾರಣವೂ ಸೇರಿದರೆ, ಕೊಬ್ಬಿನ ಅವಶೇಷಗಳು ರಕ್ತದಲ್ಲಿಯೇ ತುಂಬಿಕೊಂಡು ಅಂಗೈಯ ಗೆರೆಗಳಲ್ಲಿ ಸಹ ಹಳದಿಯಾಗಿ ಕಾಣಿಸಿಕೊಳ್ಳುತ್ತವೆ.

ಇ-4ರ ಕಥೆ ಮಿದುಳಿನದು. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಮಿದುಳಿನಲ್ಲಿ ದೇಹದ ಕೊಲೆಸ್ಟರಾಲಿನ ಐದನೆಯ ಒಂದು ಭಾಗಕ್ಕೂ ಕಡಮೆಯಿಲ್ಲದ ಮೊತ್ತವಿದೆ. ರಕ್ತದಲ್ಲಿರುವ ಅಪೋ-ಇ ಮಿದುಳಿನ ಎಲ್ಲೆಯನ್ನು ದಾಟಿ ಒಳಕ್ಕೆ ಹೋಗುವುದಿಲ್ಲ; ಅಲ್ಲಿ ಬೇಕಾದದ್ದನ್ನು ಅಲ್ಲಿಯೇ, ಮುಖ್ಯವಾಗಿ ಆಸ್ಟ್ರೋಸೈಟ್ ಎಂಬ ಪೋಷಕಕೋಶಗಳು, ಮಾಡಿಕೊಳ್ಳುತ್ತವೆ. ಇದು ಊಹೆಯ ಮಾತಲ್ಲ. ಯಕೃತ್ತನ್ನು ಬದಲಾಯಿಸುವ ಶಸ್ತ್ರಚಿಕಿತ್ಸೆಯಾದವರ ರಕ್ತವನ್ನು ಪರೀಕ್ಷಿಸಿದಾಗ, ಅದರೊಳಗಿನ ಅಪೋ-ಇ ಯಕೃತ್ತನ್ನು ಕೊಟ್ಟವರ ಬಗೆಗೆ ತಿರುಗಿತ್ತು. ಮಿದುಳು-ಬೆನ್ನುಹುರಿಯ ದ್ರವದಲ್ಲಿ ಮಾತ್ರ ರೋಗಿಯ ಹುಟ್ಟಿನ ಬಗೆಯೇ ಉಳಿದಿತ್ತೆಂದು 1991ರಲ್ಲಿ ಪ್ರಕಟವಾಯಿತು. ಆಸ್ಟ್ರೋಸೈಟುಗಳಿಂದ ಅಪೋ-ಇ ಹೊತ್ತು ತರುವ ಕೊಲೆಸ್ಟರಾಲ್ ದೊರೆತಾಗ ನರಕೋಶಗಳು ಪರಸ್ಪರ ಸಂಪರ್ಕಗಳನ್ನು ಹೆಚ್ಚಾಗಿ ಕಟ್ಟಿಕೊಳ್ಳುತ್ತವೆಂಬುದು 2001ರಲ್ಲಿ ತಿಳಿದುಬಂತು. ಇವೆರಡರ ನಡುವಣ ಕಾಲದಲ್ಲಿ, 1993ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಅಲೆನ್ ರೋಸಸ್ ಮತ್ತು ಅವರ ಸಹೋದ್ಯೋಗಿಗಳು, ಇ-4 ರೂಪವಿರುವವರಲ್ಲಿ ಆಲ್ಜೈಮರ್ ಕಾಯಿಲೆಯ ಸಂಭವ ಹೆಚ್ಚೆಂಬುದನ್ನು ತೋರಿಸಿದ್ದರು. ಕೊಬ್ಬಿನ ವಾಹಕಕ್ಕೂ ಮರೆವಿಗೂ ಸಂಬಂಧವಿರಬಹುದೆಂಬ ಮಾತನ್ನು ಆಗ ಅನೇಕರು ನಂಬಲಿಲ್ಲ. ನಮ್ಮಲ್ಲಿಯೋ, ಅರವತ್ತಕ್ಕೆ ಅರಳುಮರುಳೆಂದು ಹೇಳಿ, ಮುಪ್ಪಿನ ಮರೆವನ್ನು ವಯೋಧರ್ಮವೆಂದು ಒಪ್ಪಿಕೊಂಡು ಸುಮ್ಮನಿರುವುದು ಬಹುಕಾಲದ ರೂಢಿ. ವಯೋಧರ್ಮ ಬೇರೆ, ರೋಗ ಬೇರೆ. ಆ ರೋಗಕ್ಕೆ ಅಣುಗಳ ಮಟ್ಟದಲ್ಲಿ ಕಾರಣಗಳುಂಟು.

ಕಾರಣವನ್ನು ಹುಡುಕುವವರಿಗೆ ಅಪೋ-ಇ ಒಂಟಿಯಾಗಿ ಬೇಕು; ಪುನಸ್ಸಂಯೋಜಿತ ಪ್ರೋಟೀನಿನ ಅವಶ್ಯಕತೆ ಇಲ್ಲಿಯೇ ಹುಟ್ಟುತ್ತದೆ. ದಾನಿಯ ರಕ್ತದಿಂದ ಅದನ್ನು ಬೇರ್ಪಡಿಸಬಹುದು, ಹಿಂದೆ ಹಾಗೆಯೇ ಮಾಡುತ್ತಿದ್ದರು. ಆದರೆ ರಕ್ತದಲ್ಲಿ ಅದು ನೂರಾರು ಪ್ರೋಟೀನುಗಳ ಸಂದಣಿಯೊಳಗಿದೆ, ಕೊಬ್ಬಿನೊಡನೆ ಅಂಟಿಕೊಂಡಿದೆ, ದಾನಿಗೆ ಎರಡು ಬೇರೆ ಬೇರೆ ಪ್ರತಿಗಳಿದ್ದರೆ ಎರಡು ಬಗೆಯ ಪ್ರೋಟೀನುಗಳೂ ಬೆರೆತಿವೆ, ಸೋಂಕಿನ ಭಯ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಸರ್ಗ ಮಾಡಿರದ ರೂಪವನ್ನು ರಕ್ತದಿಂದ ಪಡೆಯುವುದು ಅಸಾಧ್ಯ. 112ನೆಯ ಸ್ಥಾನವನ್ನು ಮಾತ್ರ ಬದಲಾಯಿಸಿ ಉಳಿದ 298ನ್ನು ಹಾಗೆಯೇ ಇಟ್ಟರೆ ಏನಾಗುತ್ತದೆ, ಗ್ರಾಹಕವನ್ನು ಹಿಡಿಯುವ ಆರ್ಜಿನೀನುಗಳಲ್ಲಿ ಒಂದನ್ನು ತೆಗೆದರೆ ಏನಾಗುತ್ತದೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಜೀನಿನ ಅಕ್ಷರಗಳನ್ನೇ ತಿದ್ದಿ, ಪ್ರೋಟೀನನ್ನು ಹೊಸದಾಗಿ ಮಾಡಿಸಬೇಕು. ಮಾನವನ ಅಪೋ-ಇಯನ್ನು ಇ. ಕೋಲೈ ಬ್ಯಾಕ್ಟೀರಿಯದಲ್ಲಿ ತಯಾರಿಸಿ, ಅದು ರಚನೆಯಲ್ಲಿಯೂ ಕಾರ್ಯದಲ್ಲಿಯೂ ರಕ್ತದ ಅಪೋ-ಇಗೆ ಸಮವೆಂದು ತೋರಿಸಿದ್ದು 1985ರಲ್ಲಿ. ಈ ವಿಷಯದ ಚರಿತ್ರೆಯಲ್ಲಿ ಆ ವರ್ಷಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಅಲ್ಲಿಂದೀಚೆಗೆ ಬಂದ ಸೂಕ್ಷ್ಮಜ್ಞಾನದ ಬಹುಭಾಗಕ್ಕೆ ಅದೇ ತಳಹದಿ.

ತಯಾರಿಕೆಯ ವಿಧಾನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಿದರೆ ತಮಗೆ ಬೇಸರವಾಗದೆಂದು ನಂಬುತ್ತೇನೆ. ಅಪೋ-ಇಯ ಜೀನಿನಲ್ಲಿ ಬರೆದಿರುವುದು 317 ಅಮೈನೋ ಆಮ್ಲಗಳು. ಮೊದಲ 18 ಜೀವಕೋಶದಿಂದ ಹೊರಕ್ಕೆ ಹೋಗುವುದಕ್ಕಾಗಿ ಇರುವ ಸಂಜ್ಞೆ, ಕೆಲಸವಾದ ಮೇಲೆ ಕತ್ತರಿಸಿಹೋಗುತ್ತವೆ. ಆ ಸಂಜ್ಞೆಯನ್ನು ಬಿಟ್ಟು ಉಳಿದ ಭಾಗವನ್ನು ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್‌ಎಯಲ್ಲಿ ಸೇರಿಸಿ, ಬೇಕೆಂದಾಗ ಮಾತ್ರ ಓದಲ್ಪಡುವಂತೆ ಅದರ ಮುಂದೆ ಒಂದು ನಿಯಂತ್ರಕವನ್ನು ಇಟ್ಟು, ಬ್ಯಾಕ್ಟೀರಿಯದೊಳಕ್ಕೆ ಕಳುಹಿಸುತ್ತಾರೆ. ಪೋಷಕ ದ್ರವದ ಫ್ಲಾಸ್ಕಿನಲ್ಲಿ, ನಮ್ಮ ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ, ಅಲುಗಾಡುವ ಯಂತ್ರದ ಮೇಲೆ ಆ ಬ್ಯಾಕ್ಟೀರಿಯಗಳು ಬೆಳೆದು ದ್ರವ ಮಬ್ಬಾಗುತ್ತ ಬಂದಾಗ, ಐಪಿಟಿಜಿ ಎಂಬ ಪದಾರ್ಥವನ್ನು ಸೇರಿಸಿದರೆ ನಿಯಂತ್ರಕ ತೆರೆದುಕೊಳ್ಳುತ್ತದೆ. ಮುಂದಿನ ಕೆಲವು ಗಂಟೆಗಳ ಕಾಲ ಬ್ಯಾಕ್ಟೀರಿಯ ಮನುಷ್ಯನ ಪ್ರೋಟೀನನ್ನು ಹೆಣೆಯುತ್ತದೆ. ತರುವಾಯ ಸೆಂಟ್ರಿಫ್ಯೂಜಿನಲ್ಲಿ ಕೋಶಗಳನ್ನು ತಳಕ್ಕಿಳಿಸಿ, ಶಬ್ದತರಂಗಗಳಿಂದ ಒಡೆದು, ನಿಕಲ್ ಲೋಹವನ್ನು ಹಿಡಿಸಿರುವ ಕಾಲಮ್ಮಿನ ಮೂಲಕ ಆ ರಸವನ್ನು ಹಾಯಿಸುತ್ತಾರೆ. ಪ್ರೋಟೀನಿನ ತುದಿಗೆ ಮುಂಚಿತವಾಗಿಯೇ ಜೋಡಿಸಿಟ್ಟ ಆರು ಹಿಸ್ಟಿಡೀನುಗಳು ನಿಕಲ್ಲಿಗೆ ಅಂಟುತ್ತವೆ, ಉಳಿದವು ಹರಿದುಹೋಗುತ್ತವೆ. ಜೆಲ್ಲಿನ ಮೇಲೆ ಓಡಿಸಿ ಬಣ್ಣ ಹಾಕಿದಾಗ, ಸುಮಾರು 34 ಸಾವಿರ ಡಾಲ್ಟನ್ ತೂಕದ ನೆಲೆಯಲ್ಲಿ ಒಂದೇ ಒಂದು ನೀಲಿಯ ಪಟ್ಟೆ ಕಂಡರೆ ಶುದ್ಧಿಯಾಯಿತೆಂದು ಅರ್ಥ.

ಅಪೋ-ಇ ವಿಧೇಯವಾದ ಪ್ರೋಟೀನಲ್ಲ. ಕೊಬ್ಬಿಗೆ ಅಂಟುವುದೇ ಅದರ ಸ್ವಭಾವವಾದುದರಿಂದ, ಕೊಬ್ಬು ಸಿಗದ ಕಡೆ ಒಂದಕ್ಕೊಂದು ಅಂಟಿಕೊಂಡು ನಾಲ್ಕು ನಾಲ್ಕರ ಗುಂಪಾಗುತ್ತದೆ, ಅದಕ್ಕೂ ದೊಡ್ಡ ಮುದ್ದೆಯಾಗುವುದೂ ಉಂಟು. ಅದಕ್ಕೆ ಗ್ವಾನಿಡೀನ್ ಅಥವಾ ಯೂರಿಯ ಹಾಕಿ ಬಿಡಿಸಿ, ಮೆಲ್ಲಮೆಲ್ಲನೆ ಅವುಗಳನ್ನು ತೆಗೆದು, ಸರಪಳಿ ಮತ್ತೆ ತನ್ನ ಮಡಿಕೆಗೆ ಬರುವಂತೆ ಮಾಡುವುದರಲ್ಲಿ ಕೈಯಳತೆಯೂ ತಾಳ್ಮೆಯೂ ಬೇಕು. ಹಾಗೆ ಸಿದ್ಧವಾದದ್ದು ನಿಜವಾಗಿಯೂ ಕೊಬ್ಬನ್ನು ಹೊರಬಲ್ಲದೆ ಎಂಬುದಕ್ಕೆ ಒಂದು ಸೊಗಸಾದ ಪರೀಕ್ಷೆಯುಂಟು. ಡಿಎಂಪಿಸಿ ಎಂಬ ಫಾಸ್ಫೊಲಿಪಿಡ್ಡನ್ನು ನೀರಿನಲ್ಲಿ ಕಲಕಿದರೆ ಬೆಳ್ಳಗೆ ಮಬ್ಬಾದ ದ್ರವವಾಗುತ್ತದೆ. ಸುಮಾರು 24 ಡಿಗ್ರಿ ಉಷ್ಣತೆಯಲ್ಲಿ ಅದಕ್ಕೆ ಅಪೋ-ಇ ಸೇರಿಸಿದಾಗ, ಪ್ರೋಟೀನು ಆ ಕೊಬ್ಬಿನ ದೊಡ್ಡ ಗುಳ್ಳೆಗಳನ್ನು ಒಡೆದು, ಸಣ್ಣ ಸಣ್ಣ ಬಿಲ್ಲೆಗಳನ್ನಾಗಿ ಮಾಡಿ ಅವುಗಳ ಅಂಚನ್ನು ತಾನೇ ಸುತ್ತುವರಿದುಕೊಳ್ಳುತ್ತದೆ. ದ್ರವ ನೋಡುತ್ತಿರುವಂತೆಯೇ ತಿಳಿಯಾಗುತ್ತದೆ. ನಮ್ಮ ದೇಹದೊಳಗೆ ಯಾರಿಗೂ ಕಾಣದೆ ಅಹರ್ನಿಶಿ ನಡೆಯುತ್ತಿರುವ ಕಾರ್ಯವೊಂದನ್ನು ಪರೀಕ್ಷಾನಳಿಕೆಯಲ್ಲಿ ಬರಿಗಣ್ಣಿನಿಂದ ನೋಡುವ ಅವಕಾಶ ಇದು. ವಿಜ್ಞಾನದ ವಿದ್ಯಾರ್ಥಿಗಳೆಲ್ಲರಿಗೂ ಒಮ್ಮೆಯಾದರೂ ಇದನ್ನು ತೋರಿಸಬೇಕೆಂದು ನನ್ನ ಆಸೆ.

ಸೀಸೆಯ ಮೇಲೆ, ಸಂಶೋಧನೆಗೆ ಮಾತ್ರ, ಚಿಕಿತ್ಸೆಗಲ್ಲ ಎಂದು ಅಚ್ಚುಮಾಡಿರುತ್ತಾರೆ. ಇದಕ್ಕೆ ಕಾನೂನಿನ ಕಾರಣವಲ್ಲದೆ ವಸ್ತುಗತವಾದ ಕಾರಣವೂ ಇದೆ. ಮನುಷ್ಯನ ಕೋಶ ಈ ಪ್ರೋಟೀನಿನ 194ನೆಯ ಸ್ಥಾನ ಮೊದಲಾದ ಕಡೆ ಸಕ್ಕರೆಯ ಸರವನ್ನು ಜೋಡಿಸುತ್ತದೆ, ಇ. ಕೋಲೈಗೆ ಆ ವಿದ್ಯೆ ಬಾರದು. ಅದಲ್ಲದೆ ಬ್ಯಾಕ್ಟೀರಿಯದ ಹೊರಪೊರೆಯಲ್ಲಿರುವ ಎಂಡೊಟಾಕ್ಸಿನ್ ಎಂಬ ವಿಷವೂ ಕೊಬ್ಬಿನ ಜಾತಿಯದೇ ಆದುದರಿಂದ ಅಪೋ-ಇ ಅದನ್ನೂ ಹಿಡಿದುಕೊಂಡುಬಿಡುತ್ತದೆ. ಅದನ್ನು ಪೂರ್ಣವಾಗಿ ನಿವಾರಿಸದೆ ನರಕೋಶಗಳ ಮೇಲೆ ಪ್ರಯೋಗ ಮಾಡಿದವನು, ವಿಷದ ಪರಿಣಾಮವನ್ನು ಪ್ರೋಟೀನಿನ ಪರಿಣಾಮವೆಂದು ಭ್ರಮಿಸುವ ಸಂಭವವಿದೆ. ಆದುದರಿಂದ ಕೆಲವರು ಇದೇ ಪ್ರೋಟೀನನ್ನು ಬ್ಯಾಕ್ಟೀರಿಯಕ್ಕೆ ಬದಲಾಗಿ ಸಸ್ತನಿಗಳ ಕೋಶಗಳಲ್ಲಿ ಬೆಳೆಸುತ್ತಾರೆ. ಖರ್ಚು ಹೆಚ್ಚು, ಫಲ ಕಡಮೆ, ಆದರೆ ನಿಸರ್ಗಕ್ಕೆ ಹತ್ತಿರ.

ಈ ವಿದ್ಯೆಗೆ ನಮ್ಮ ಊರಾದ ಬೆಂಗಳೂರು ಹೊಸದಲ್ಲ. ಮಲ್ಲೇಶ್ವರದಿಂದಾಚೆ, ಮೈಸೂರು ಸಂಸ್ಥಾನ ದಾನವಾಗಿ ಕೊಟ್ಟ ನೆಲದಲ್ಲಿ 1909ರಲ್ಲಿ ಸ್ಥಾಪಿತವಾದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜೀವರಸಾಯನ ವಿಭಾಗ ಆರಂಭವಾದದ್ದು 1921ರಲ್ಲಿ. ಹೆಣ್ಣೆಂಬ ಕಾರಣಕ್ಕೆ ಮೊದಲು ಪ್ರವೇಶ ದೊರೆಯದೆ, ಹಟ ಹಿಡಿದು 1933ರಲ್ಲಿ ಅದನ್ನು ಪಡೆದುಕೊಂಡ ಕಮಲಾ ಸೊಹೊನಿಯವರು ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲಿನ ಮತ್ತು ಬೇಳೆಗಳ ಪ್ರೋಟೀನುಗಳನ್ನು ಅಭ್ಯಾಸಮಾಡಿದ್ದು ಅಲ್ಲಿಯೇ. ಕೊಬ್ಬಿನಲ್ಲಿ ಮಾತ್ರ ಕರಗುವ ಎ ಜೀವಸತ್ತ್ವವನ್ನು ದೇಹ ಹೇಗೆ ಹೀರಿ ಹೇಗೆ ಸಾಗಿಸುತ್ತದೆಂಬುದನ್ನು ಜೆ. ಗಂಗೂಲಿಯವರು ಅಲ್ಲಿ ಬಹುಕಾಲ ಪರಿಶೀಲಿಸಿದರು. ಪಿ. ಆರ್. ಅಡಿಗರು ಕೋಳಿಮೊಟ್ಟೆಯೊಳಕ್ಕೆ ರೈಬೋಫ್ಲೇವಿನ್ ಜೀವಸತ್ತ್ವವನ್ನು ಒಯ್ಯುವ ಪ್ರೋಟೀನನ್ನು ಆರಿಸಿಕೊಂಡರು. ಈ ವಾಹಕ ಹುಟ್ಟಿನಿಂದಲೇ ಇಲ್ಲದ ಕೋಳಿಯ ಮೊಟ್ಟೆಯಲ್ಲಿ ಭ್ರೂಣ ಬದುಕುವುದಿಲ್ಲ. ಹೆಣ್ಣು ಇಲಿಯಲ್ಲಿ ಈ ವಾಹಕದ ವಿರುದ್ಧ ಪ್ರತಿಕಾಯವನ್ನು ಹುಟ್ಟಿಸಿದರೆ ಗರ್ಭ ನಿಲ್ಲದೆಂದು ತೋರಿಸಿ, ಸಸ್ತನಿಗಳಲ್ಲಿಯೂ ಅಂಥದೊಂದು ವಾಹಕವಿದೆಯೆಂದು ಅವರ ಗುಂಪು ಪ್ರತಿಪಾದಿಸಿತು. ಹೊರೆಗಿಂತ ಹೊರುವವನ ಕಡೆಗೆ ಗಮನವಿಟ್ಟ ಈ ಪರಂಪರೆ ನಮ್ಮ ನಗರದಲ್ಲಿ ಬೆಳೆದದ್ದನ್ನು ನೆನೆದಾಗ ನನಗೆ ಅಭಿಮಾನವುಂಟಾಗುತ್ತದೆ.

ಆದರೆ ಬಹುಕಾಲ ಪರಿಕರಗಳು ಪರದೇಶದವಾಗಿದ್ದವು. ಡಿಎನ್‌ಎಯನ್ನು ನಿಶ್ಚಿತ ಸ್ಥಾನದಲ್ಲಿ ಕತ್ತರಿಸುವ ಕಿಣ್ವಗಳು ಡ್ರೈ ಐಸಿನಲ್ಲಿ ಹುದುಗಿ ವಿಮಾನದಲ್ಲಿ ಬರಬೇಕಾಗಿತ್ತು. ಸುಂಕದ ಕಟ್ಟೆಯಲ್ಲಿ ದಿನಗಳು ಕಳೆದರೆ ಮಂಜು ಆವಿಯಾಗಿ, ಕೈಸೇರುವ ಹೊತ್ತಿಗೆ ಕಿಣ್ವ ಸತ್ತಿರಬಹುದಾಗಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಪಿ. ಬಾಬು ಅವರು 1989ರಲ್ಲಿ ಬೆಂಗಳೂರು ಜೀನಿ ಎಂಬ ಕಂಪನಿಯನ್ನು ಆರಂಭಿಸಿ, ಈ ಕಿಣ್ವಗಳನ್ನೂ ಪ್ರಯೋಗಶಾಲೆಗೆ ಬೇಕಾದ ಇತರ ಪ್ರೋಟೀನುಗಳನ್ನೂ ಇಲ್ಲಿಯೇ ತಯಾರಿಸಿ ದೇಶದ ಪ್ರಯೋಗಶಾಲೆಗಳಿಗೆ ಒದಗಿಸಿದ್ದು ದೊಡ್ಡ ಉಪಕಾರ. ಪುನಸ್ಸಂಯೋಜಿತ ಔಷಧಗಳ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟಿನಿಂದ ಮಾಡಿದ ಇನ್ಸುಲಿನ್ನನ್ನು ಹೊರತಂದದ್ದು ಎಲ್ಲರಿಗೂ ತಿಳಿದಿದೆ. ಸಂಶೋಧನೆಗೆಂದೇ ಮೈಕ್ರೋಗ್ರಾಂಗಳ ಲೆಕ್ಕದಲ್ಲಿ ತಯಾರಾಗುವ ಪ್ರೋಟೀನಿನ ಹೆಸರನ್ನು ಯಾರೂ ಕೇಳರು. ಅದಿಲ್ಲದೆ ಔಷಧದ ಮೊದಲ ಆಲೋಚನೆಯೇ ಹುಟ್ಟಲಾರದೆಂಬುದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ.

ಇನ್ನು ನಮ್ಮ ಜನರ ವಿಷಯ. ಇ-4 ಕುರಿತ ಅಂಕಿಗಳಲ್ಲಿ ಬಹುಪಾಲು ಯೂರೋಪ್ ಮೂಲದವರಿಂದ ಬಂದವು. ಅವರಲ್ಲಿ ಒಂದು ಪ್ರತಿಯಿದ್ದರೆ ಆಲ್ಜೈಮರ್ ಕಾಯಿಲೆಯ ಸಂಭವ ಸುಮಾರು ಮೂರು ಪಟ್ಟು, ಎರಡಿದ್ದರೆ ಹತ್ತು ಹನ್ನೆರಡು ಪಟ್ಟು. ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳನ್ನೂ ಅಮೆರಿಕದ ಪೆನ್ಸಿಲ್ವೇನಿಯದ ಒಂದು ಪ್ರದೇಶವನ್ನೂ ಹೋಲಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇ-4ರ ಪ್ರಮಾಣ ಅಲ್ಲಿ ನೂರಕ್ಕೆ ಸುಮಾರು 11 ಇದ್ದರೆ ಇಲ್ಲಿ 7ರಷ್ಟು ಮಾತ್ರವೆಂದು ಕಂಡಿತು. ಕನ್ನಡ ನಾಡಿನ ಗ್ರಾಮಸ್ಥರ ಮುಪ್ಪನ್ನು ಕುರಿತ ಪ್ರಶ್ನೆಗೆ ಉತ್ತರವನ್ನು ಕನ್ನಡ ನಾಡಿನಲ್ಲಿಯೇ ಹುಡುಕಬೇಕೆಂದು ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ವಿಜಯಲಕ್ಷ್ಮಿ ರವೀಂದ್ರನಾಥರ ನೇತೃತ್ವದಲ್ಲಿ, 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಒಂದು ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿತು. ಮಾವಿಗೆ ಹೆಸರಾದ ಆ ತಾಲ್ಲೂಕಿನ ಹಳ್ಳಿಗಳಿಂದ 45 ವರ್ಷ ಮೀರಿದ ಹತ್ತು ಸಾವಿರ ಜನರನ್ನು ಸೇರಿಸಿಕೊಂಡು, ಅವರ ರಕ್ತ, ಜೀನು, ಜ್ಞಾಪಕಶಕ್ತಿ, ಮಿದುಳಿನ ಚಿತ್ರ ಇವುಗಳನ್ನು ವರ್ಷಾನುವರ್ಷ ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ಓದುಬರಹ ಬಾರದವರಿಗೂ ಸಲ್ಲುವಂತೆ ಜ್ಞಾಪಕದ ಪರೀಕ್ಷೆಗಳನ್ನು ಹೊಂದಿಸಬೇಕಾಗುತ್ತದೆ. ಇದೇನೂ ಸಣ್ಣ ಕೆಲಸವಲ್ಲ.

ಇದನ್ನು ಕೇಳಿ ಯಾರೂ ಗಾಬರಿಯಾಗಿ ಇ-4 ಪರೀಕ್ಷೆಗೆ ಓಡಬೇಕಾಗಿಲ್ಲ. ಇ-4 ಇದ್ದೂ ಕೊನೆಯವರೆಗೆ ಬುದ್ಧಿ ಸ್ಪಷ್ಟವಾಗಿ ಬಾಳಿದವರು ಬಹುಮಂದಿ. ಅದಿಲ್ಲದೆಯೂ ಕಾಯಿಲೆಯಾದವರು ಬಹುಮಂದಿ. ಡಿಎನ್‌ಎಯ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ನರು ತಮ್ಮ ಸಂಪೂರ್ಣ ಜೀನು ಪಾಠವನ್ನು ಲೋಕಕ್ಕೆ ಬಹಿರಂಗಪಡಿಸಿದಾಗ, ಅಪೋ-ಇಯ ಭಾಗವನ್ನು ಮಾತ್ರ ಮುಚ್ಚಿಡಬೇಕೆಂದು ಕೇಳಿಕೊಂಡರು. ತಿಳಿಯದಿರುವ ಹಕ್ಕೂ ಮನುಷ್ಯನಿಗಿದೆ. ವೈದ್ಯರೇ ಈ ಪರೀಕ್ಷೆಯನ್ನು ಕೇಳುವ ಸಂದರ್ಭ ಈಗ ಒಂದುಂಟು: ಆಲ್ಜೈಮರ್ ಕಾಯಿಲೆಗೆ ಬಂದಿರುವ ಹೊಸ ಪ್ರತಿಕಾಯ ಔಷಧಗಳಿಂದ ಮಿದುಳು ಊದಿಕೊಳ್ಳುವ, ರಕ್ತ ಒಸರುವ ಅಪಾಯ ಎರಡು ಪ್ರತಿ ಇ-4 ಇರುವವರಲ್ಲಿ ಹೆಚ್ಚು.

ಈ ಕ್ಷೇತ್ರದಲ್ಲಿ ಈಚೆಗೆ ಬಂದ ಸುದ್ದಿಗಳಲ್ಲಿ ಅತ್ಯಂತ ವಿಸ್ಮಯಕರವಾದದ್ದು ಕೊಲಂಬಿಯ ದೇಶದ್ದು. ಅಲ್ಲಿ ಆಂಟಿಯೋಕಿಯ ಪ್ರಾಂತದ ಒಂದು ದೊಡ್ಡ ಬಂಧುವರ್ಗದಲ್ಲಿ, ಬೇರೊಂದು ಜೀನಿನ ದೋಷದಿಂದ, ನಲವತ್ತರ ವಯಸ್ಸಿನಲ್ಲಿಯೇ ಮರೆವಿನ ಕಾಯಿಲೆ ಬರುತ್ತದೆ. ಆ ದೋಷವಿದ್ದ ಒಬ್ಬ ಮಹಿಳೆ ಎಪ್ಪತ್ತರವರೆಗೆ ಬುದ್ಧಿಸ್ಥಿರತೆಯಿಂದಿದ್ದರು. ಅವರ ಅಪೋ-ಇ ಜೀನಿನ ಎರಡೂ ಪ್ರತಿಗಳಲ್ಲಿ 136ನೆಯ ಸ್ಥಾನದ ಆರ್ಜಿನೀನ್ ಹೋಗಿ ಸಿರೀನ್ ಬಂದಿತ್ತೆಂದು 2019ರಲ್ಲಿ ಪ್ರಕಟವಾಯಿತು. ಅದೇ ಬದಲಾವಣೆಯನ್ನು ಪ್ರಯೋಗಶಾಲೆಯ ಅಪೋ-ಇಯಲ್ಲಿ ಮಾಡಿ ನೋಡಿದಾಗ, ಹೆಪರಿನ್ ಜಾತಿಯ ಸಕ್ಕರೆಗಳಿಗೆ ಅಂಟುವ ಅದರ ಶಕ್ತಿ ಬಹಳ ಕುಗ್ಗಿತ್ತು. ರಕ್ಷಣೆಯ ಮೂಲ ಅದರಲ್ಲಿರಬಹುದೆಂಬ ಆಲೋಚನೆಯ ಮೇಲೆ ಈಗ ಔಷಧಗಳಿಗಾಗಿ ಪ್ರಯತ್ನ ನಡೆದಿದೆ. ಒಬ್ಬ ಹೆಂಗಸಿನ ರಕ್ತದಲ್ಲಿ ಕಂಡ ಒಂದು ಅಕ್ಷರಭೇದದ ಅರ್ಥವನ್ನು ಪ್ರಯೋಗಶಾಲೆಯಲ್ಲಿ ಮಾಡಿದ ಪ್ರೋಟೀನಿನಿಂದ ವಿಚಾರಿಸಿ ತಿಳಿದದ್ದು ಹೀಗೆ. ಶ್ರೀನಿವಾಸಪುರದ ಹತ್ತು ಸಾವಿರ ಮಂದಿಯಲ್ಲಿ ಇಂಥ ಅಪರೂಪದ ಪಾಠಾಂತರ ಯಾರಲ್ಲಾದರೂ ಕಂಡುಬಂದರೆ, ಜೀನನ್ನು ಅದರಂತೆ ತಿದ್ದಿ, ಪ್ರೋಟೀನನ್ನು ಬೆಳೆಸಿ, ಕೊಬ್ಬನ್ನು ಅದು ಹೇಗೆ ಹೊರುತ್ತದೆ, ಗ್ರಾಹಕವನ್ನು ಹೇಗೆ ಹಿಡಿಯುತ್ತದೆ ಎಂದು ಪರೀಕ್ಷಿಸುವುದಕ್ಕೆ ಕೆಲವು ವಾರಗಳು ಸಾಕು. ಆ ಹಳ್ಳಿಗರ ಜ್ಞಾಪಕದ ಗತಿಯನ್ನು ಅನುಸರಿಸುವುದಕ್ಕೆ ಮಾತ್ರ ಇನ್ನೂ ಹಲವು ವರ್ಷಗಳು ಬೇಕು.